ಅಮ್ಮಣ್ಣಿಯ ಟ್ರಂಕು

ಇಸ್ತ್ರಿ ಅಂಗಡಿಯ ಗರಿಗರಿಯಪ್ಪನಿಗೆ ಈ ಲೋಕದಲ್ಲಿ ಗೊತ್ತಿದ್ದದ್ದು ಬಟ್ಟೆ ಒಂದೇ. ಜನರ ಮುಖ ಅವನಿಗೆ ನೆನಪಿರುತ್ತಿರಲಿಲ್ಲ, ಕಾಲರು ನೆನಪಿರುತ್ತಿತ್ತು. ಬೀದಿಯಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ ಎದೆಯ ಮಟ್ಟಕ್ಕೆ ಕಣ್ಣಿಳಿಸಿ, "ಓ, ನೀವಾ! ಎರಡನೇ ಗುಂಡಿ ಸಡಿಲ ಆಗಿದೆ" ಅನ್ನುತ್ತಿದ್ದ. ಗಂಜಿ ಹಾಕುವುದರಲ್ಲಿ ಅವನ ಕೈ ಎಷ್ಟು ಧಾರಾಳವೆಂದರೆ, ಅವನಲ್ಲಿ ಇಸ್ತ್ರಿಯಾದ ಅಂಗಿ ತೊಟ್ಟವರು ಕೂತರೆ ಆ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು. ಹೀಗಾಗಿ ಊರು ಅವನಿಗೆ ಆ ಹೆಸರಿಟ್ಟಿತು. ಅವನೂ ಅದನ್ನು ಬಿರುದೆಂದೇ ತಿಳಿದುಕೊಂಡ.

ಅಂಗಡಿಯ ಬಾಗಿಲ ಮೇಲೆ ಅವನೇ ಕೈಯಾರೆ ಬರೆದ ಬೋರ್ಡಿತ್ತು: "ಇಪ್ಪತ್ತೆರಡು ವರ್ಷ. ಒಂದು ಕರವಸ್ತ್ರವೂ ಕಳೆದಿಲ್ಲ." ಅದರ ಕೆಳಗೆ ಸಣ್ಣದಾಗಿ, "ಸುಕ್ಕಿಲ್ಲ, ಕಲೆಯಿಲ್ಲ, ಕೂದಲಿಲ್ಲ."

ಆ ಕೊನೆಯ ಮಾತು ಸುಳ್ಳಾದದ್ದು ಅಮ್ಮಣ್ಣಿಯ ಬಾಣಂತನದಿಂದ. ಅಮ್ಮಣ್ಣಿ ಎಂದರೆ ಅವನ ಹೆಂಡತಿ ಸಾಕಿದ ಬೆಕ್ಕು. ಮನೆಯಲ್ಲಿ ಇಷ್ಟೊಂದು ಮೂಲೆಗಳಿರುವಾಗ ಅದು ಮೂರು ಮರಿ ಹಾಕಲು ಆರಿಸಿಕೊಂಡದ್ದು ಇಸ್ತ್ರಿಯಾಗಿ ಸಿದ್ಧವಾಗಿದ್ದ ಹೊದಿಕೆಗಳ ಬುಟ್ಟಿಯನ್ನು. "ಬಾಣಂತಿಯನ್ನ ಅಲ್ಲಾಡಿಸಬೇಡಿ" ಎಂದು ಹೆಂಡತಿ ಅಪ್ಪಣೆ ಮಾಡಿದಳು. ಒಂಬತ್ತು ವಾರ ಕಳೆಯುವ ಹೊತ್ತಿಗೆ ಬೂದು, ಕಪ್ಪು, ಬಿಳಿ ಎಂದು ಮೂರು ಬಣ್ಣದ ಕೂದಲು ಊರಿನ ಎಲ್ಲ ಅಂಗಿಗಳಿಗೂ ಸಮನಾಗಿ ಹಂಚಿಕೆಯಾಗಿತ್ತು.

ಅಷ್ಟರಲ್ಲಿ ಹೆಂಡತಿಯ ತಾಯಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು. ಎಂಟು ದಿನಕ್ಕೆಂದು ತವರಿಗೆ ಹೊರಟ ಹೆಂಡತಿ ಬಾಗಿಲಲ್ಲಿ ನಿಂತು ಮೂರು ಮಾತು ಹೇಳಿದಳು. "ಒಲೆ ಮೇಲೆ ಹಾಲಿಟ್ಟು ಅಂಗಡಿಗೆ ಬರಬೇಡಿ. ಹಿತ್ತಲ ನಲ್ಲಿ ಜೋರಾಗಿ ತಿರುಗಿಸಬೇಡಿ. ನನ್ನನ್ನ ಕೇಳದೆ ಏನೂ ಮಾಡಬೇಡಿ." ಮೊದಲನೆಯದನ್ನು ಅವನು ಅದೇ ದಿನ ಮುರಿದ, ಎರಡನೆಯದನ್ನು ಮಾರನೆಯ ದಿನ. ಮೂರನೆಯದು ಆರು ದಿನ ಬಾಳಿತು. ಅವನ ಮಟ್ಟಿಗೆ ಅದು ಸಾಧನೆಯೇ.

ಆರನೆಯ ದಿನ ಬೆಳಗ್ಗೆ ಪೋಸ್ಟ್‌ಮಾಸ್ಟರು ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದರು.

"ಏನಯ್ಯ ಇದು? ಈ ಅಂಗಿಯೊಳಗೆ ಅರ್ಧ ಬೆಕ್ಕಿದೆ!"

"ಸಾರ್, ಒಂದೆರಡು ಕೂದಲು..."

"ಒಂದೆರಡಾ? ನಿನ್ನೆ ತನಿಖೆಗೆ ದೊಡ್ಡ ಸಾಹೇಬರು ಬಂದಿದ್ರು. ನನ್ನ ಪಕ್ಕದಲ್ಲಿ ಕೂತು ಹನ್ನೊಂದು ಸಲ ಸೀನಿದರು. ಹನ್ನೆರಡನೇದಕ್ಕೆ ಬಾಯಿ ತೆರೆದು ನಿಂತರು, ಅದು ಬರಲಿಲ್ಲ. ಆ ಸಿಟ್ಟನ್ನೂ ನನ್ನ ಮೇಲೇ ತೀರಿಸಿಕೊಂಡರು!"

ಅವರು ಹೀಗೆ ಕೂಗಾಡುತ್ತಿರುವಾಗಲೇ ಬೂದು ಮರಿ ಅವರ ಪ್ಯಾಂಟು ಹಿಡಿದು ಹತ್ತಿ, ಮೊಣಕೈ ಮಡಿಕೆಯಲ್ಲಿ ಸೇರಿಕೊಂಡು ಕಣ್ಣು ಮುಚ್ಚಿತು. "ತೆಗಿಯಯ್ಯ ಇದನ್ನ" ಎಂದರು ಪೋಸ್ಟ್‌ಮಾಸ್ಟರು, ಕೈ ಮಾತ್ರ ಸಡಿಲಿಸಲಿಲ್ಲ. ಸ್ವಲ್ಪ ಹೊತ್ತು ಅದರ ಕಿವಿ ನೋಡಿದರು. "ಮನೆಯಲ್ಲಿ ನಾನೊಬ್ಬನೇ. ಕೂದಲಂತೂ ಬಂದಾಗಿದೆ, ಉಳಿದದ್ದೂ ಬರಲಿ ಬಿಡು."

ಗರಿಗರಿಯಪ್ಪನ ತಲೆಯಲ್ಲಿ ದೀಪ ಹತ್ತಿತು. ಅವನ ತಲೆಯಲ್ಲಿ ದೀಪ ಹತ್ತಿದಾಗಲೆಲ್ಲ ಬೇರೆ ಎಲ್ಲೋ ಏನೋ ಸುಡುತ್ತಿತ್ತು, ಆ ಮಾತು ಬೇರೆ. ಇಸ್ತ್ರಿ ಅಂಗಡಿಯವರು ಬಟ್ಟೆ ಅದಲುಬದಲಾಗದಿರಲೆಂದು ಪ್ರತಿ ಮನೆಗೂ ಒಂದೊಂದು ಗುರುತು ಇಟ್ಟುಕೊಂಡಿರುತ್ತಾರೆ. ಪೋಸ್ಟ್‌ಮಾಸ್ಟರದ್ದು ಸೊನ್ನೆ. ಇಲಿಗಳು ಕಮಾನಿನ ಕೂದಲನ್ನೇ ಕಡಿಯುತ್ತವೆ ಎಂದು ಕೊರಗುತ್ತಿದ್ದ ಪಿಟೀಲು ಮೇಷ್ಟ್ರದ್ದು ಮೂರು ಚುಕ್ಕೆ. ಮುಂದಿನ ಬೀದಿಯಲ್ಲಿದ್ದ ಹೆಂಡತಿಯ ತಂಗಿ, ಅಂದರೆ ನಾದಿನಿಯದ್ದು ಕತ್ತರಿ ಗುರುತು. ಗರಿಗರಿಯಪ್ಪ ಮೂರು ಬಟ್ಟೆಚೂರಿನ ಮೇಲೆ ಮೂರು ಗುರುತು ಹಾಕಿದ. ಮೂರು ಕುತ್ತಿಗೆಗೆ ಕಟ್ಟಿದ. ಹತ್ತು ಗಂಟೆಯೊಳಗೆ ಇಸ್ತ್ರಿ ಗಂಟುಗಳ ಜೊತೆಗೇ ಮೂರನ್ನೂ ತಲುಪಿಸಿ ಬಂದ.

ನಾದಿನಿ ಮಾತ್ರ ಬಿಳಿ ಮರಿಯನ್ನು ಎದೆಗವಚಿಕೊಂಡು ಕೇಳಿದಳು. "ಭಾವ, ಅಕ್ಕನಿಗೆ ಹೇಳಿದ್ದೀರಾ?"

"ಅವಳಿಗೆ ಖುಷಿಯಾಗುತ್ತೆ."

"ನಾನು ಕೇಳಿದ್ದು ಅದಲ್ಲ."

"ನಿಂಗೆ ಬಿಳೀದು ಬೇಕಾ, ಬೇಡ್ವಾ?"

"ಬೇಕು."

"ಹಾಗಾದ್ರೆ ಕೇಳಬೇಡ."

ಮನೆಗೆ ಬಂದಾಗ ಅಮ್ಮಣ್ಣಿ ಬುಟ್ಟಿಯಲ್ಲಿ ನಿಂತಿತ್ತು. ಅದು ತನ್ನ ಮಕ್ಕಳನ್ನು ಕರೆಯುವ ಸದ್ದೇ ಬೇರೆ. ಮ್ಯಾಂವ್ ಅಲ್ಲ, ಗಂಟಲೊಳಗೆ ಉರುಳಿಬರುವ "ಮ್ರ್‌ರ್‌ರಂ" ಎಂಬ ಪ್ರಶ್ನೆ. ಆ ಪ್ರಶ್ನೆಯನ್ನು ಅದು ಮಂಚದ ಕೆಳಗೆ ಕೇಳಿತು, ನೆನೆಹಾಕಿದ ಬಟ್ಟೆಯ ತೊಟ್ಟಿಗೆ ಕೇಳಿತು, ಇಸ್ತ್ರಿ ಮೇಜಿನ ಹಿಂದೆ ಕೇಳಿತು. ಕೊನೆಗೆ ಗರಿಗರಿಯಪ್ಪನ ಮುಂದೆ ಕೂತು ಅವನನ್ನೇ ಕೇಳಿತು.

"ಒಳ್ಳೇ ಮನೆಗಳು ಕಣೇ" ಎಂದು ಅವನು ವಿವರಿಸಿದ. "ಒಬ್ಬರು ಸರ್ಕಾರಿ ನೌಕರರು. ಇನ್ನೊಬ್ಬರ ಮನೇಲಿ ದಿನಾ ಸಂಗೀತ. ಮೂರನೇದು ನಮ್ಮ ಸಂಬಂಧವೇ."

ಅಮ್ಮಣ್ಣಿ "ಮ್ರ್‌ರ್‌ರಂ" ಎಂದಿತು. ಎರಡು ದಿನ ಅದನ್ನೇ ಅಂದಿತು. ಅವನು ಅದರ ಮುಖ ನೋಡಲಾರದೆ, ಕೆಲಸವಿಲ್ಲದಿದ್ದರೂ ಒಂದೇ ಮೇಜುಹಾಸನ್ನು ಏಳು ಸಲ ಇಸ್ತ್ರಿ ಮಾಡಿದ.

ಎಂಟನೆಯ ದಿನ ಹೆಂಡತಿ ಬಂದಳು. ಚೀಲ ಕೆಳಗಿಡುವ ಮೊದಲೇ ಬುಟ್ಟಿ ನೋಡಿದಳು.

"ಮಕ್ಕಳೆಲ್ಲಿ?"

ಎರಡು ದಿನದಿಂದ ಅವನು ಒಳ್ಳೆಯ ಉತ್ತರ ಕಟ್ಟಿಕೊಂಡಿದ್ದ. ಬಾಯಿ ತೆರೆದಾಗ ಹೊರಗೆ ಬಂದದ್ದು ಬೇರೆಯೇ. "ಬೆಳೆದವು."

"ಎಂಟು ದಿನದಲ್ಲಿ?"

"ಹೂಂ... ಬೇಗ ಬೆಳೆದವು. ಬೆಳೆದು... ಅವರವರ ಮನೆಗೆ ಹೋದವು."

ಆಕೆ ಜಗಳವಾಡಲಿಲ್ಲ. ಜಗಳವಾಡಿದ್ದರೆ ಸಂಜೆಯೊಳಗೆ ಮುಗಿದುಹೋಗುತ್ತಿತ್ತು. ಆಕೆ ಅವನ ಜೊತೆ ಮಾತು ನಿಲ್ಲಿಸಿದಳು. ಹೇಳಬೇಕಾದದ್ದನ್ನೆಲ್ಲ ಬೆಕ್ಕಿಗೆ ಹೇಳತೊಡಗಿದಳು. "ಅಮ್ಮಣ್ಣಿ, ಊಟ ಆರ್ತಾ ಇದೆ ಅಂತ ಹೇಳು." "ಅಮ್ಮಣ್ಣಿ, ಹಿತ್ತಲ ನಲ್ಲಿ ಮುರಿದವರೇ ರಿಪೇರಿಯವನನ್ನ ಕರೀಬೇಕಂತೆ." ಗರಿಗರಿಯಪ್ಪ ನೇರವಾಗಿ ಉತ್ತರ ಕೊಟ್ಟರೆ ಕೇಳಿಸದವಳಂತೆ ಪಾತ್ರೆ ಉಜ್ಜುತ್ತಿದ್ದಳು. ಹೆಂಡತಿಯ ಬೈಗುಳ ತಿಂದು ಬದುಕುವುದು ಅವನಿಗೆ ಅಭ್ಯಾಸವಿತ್ತು. ಬೈಗುಳವೇ ಇಲ್ಲದ ಮನೆಯಲ್ಲಿ ಊಟಕ್ಕೆ ಉಪ್ಪೇ ಇಲ್ಲದಂತಾಯಿತು. ನಾಲ್ಕೇ ದಿನದಲ್ಲಿ ಅವನ ಸ್ವಂತ ಅಂಗಿಯಲ್ಲೂ ಗಂಜಿ ಕಡಿಮೆಯಾಯಿತು.

ಐದನೆಯ ದಿನ ಅಮ್ಮಣ್ಣಿ ಕರೆಯುವುದನ್ನು ನಿಲ್ಲಿಸಿತು. ಒಗೆಯಲು ಬಂದ ಕೊಳೆ ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಮೂಸಿ, ತಲೆ ಒಳಗೆ ತೂರಿಸಿ ನೋಡಿ, ಒಳಗೆ ಹೋಗಿ ಹಾಲು ಕುಡಿಯಿತು.

"ನೋಡಿದ್ಯಾ? ಮರೆತೇ ಬಿಡ್ತು!" ಎಂದು ಅವನು ಅಡುಗೆಮನೆಗೆ ಕೇಳಿಸುವಂತೆ ಕೂಗಿದ.

"ಅಮ್ಮಣ್ಣಿ," ಎಂದಿತು ಅಡುಗೆಮನೆ, "ಈ ಮನೆ ಗಂಡಸರ ಮೂಗಿಗೆ ಸೋಪಿನ ವಾಸನೆ ಒಂದೇ ಗೊತ್ತಾಗೋದು ಅಂತ ಹೇಳು."

ಅದರ ಅರ್ಥವೇನೆಂದು ಅವನು ಯೋಚಿಸಬೇಕಿತ್ತು. ಯೋಚಿಸಲು ಬಿಡುವೇ ಸಿಗಲಿಲ್ಲ, ಏಕೆಂದರೆ ಅದೇ ಸಂಜೆ ಪೋಸ್ಟ್‌ಮಾಸ್ಟರ ಒಂದು ಕಾಲುಚೀಲ ಕಾಣೆಯಾಯಿತು.

ಇಪ್ಪತ್ತೆರಡು ವರ್ಷದಲ್ಲಿ ಆಗದ್ದು ಆಗಿಹೋಯಿತು. ತೊಟ್ಟಿ ಬರಿದು ಮಾಡಿ ನೋಡಿದ, ಚರಂಡಿಯ ಜಾಲರಿ ಬಿಚ್ಚಿ ನೋಡಿದ, ಏನೂ ತೋಚದೆ ತನ್ನ ಕಾಲನ್ನೂ ನೋಡಿಕೊಂಡ. ಮೂರು ದಿನ ಬಿಟ್ಟು ಪಿಟೀಲು ಮೇಷ್ಟ್ರು ವಾದ್ಯಕ್ಕೆ ಹೊದಿಸುತ್ತಿದ್ದ ಮೆತ್ತನೆಯ ಬಟ್ಟೆ ಮಾಯವಾಯಿತು. ಅದರ ಹಿಂದೆಯೇ ನಾದಿನಿಯ ದಿಂಬಿನ ಕವರು.

ಬುದ್ಧಿವಂತನಾದವನು ಹೋಗಿ, "ಕಳೆದಿದೆ, ಕ್ಷಮಿಸಿ" ಎನ್ನುತ್ತಿದ್ದ. ಗರಿಗರಿಯಪ್ಪನಿಗೆ ಬೋರ್ಡು ಅಡ್ಡ ಬಂತು. ಅವನು ಬದಲಿ ವ್ಯವಸ್ಥೆ ಮಾಡಿದ. ಪೋಸ್ಟ್‌ಮಾಸ್ಟರ ಉಳಿದ ಕರಿ ಕಾಲುಚೀಲಕ್ಕೆ ಜೊತೆಯಾಗಿ ತನ್ನದೊಂದು ಕಂದು ಕಾಲುಚೀಲ ಸೇರಿಸಿ, ಗಂಜಿ ಹಾಕಿ ಕಳಿಸಿದ. ದಿಂಬಿನ ಕವರಿಗೆ ಬದಲು ಎರಡು ಟವಲುಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದ. ಪಿಟೀಲಿನ ಅಳತೆಯ ಮೆತ್ತನೆಯ ಬಟ್ಟೆ ಮನೆಯಲ್ಲಿ ಸಿಕ್ಕಿದ್ದು ಒಂದೇ. ಅದನ್ನೇ ತೊಳೆದು, ಮಡಿಸಿ, ಮೂರು ಚುಕ್ಕೆ ಹಾಕಿ ಕಳಿಸಿಕೊಟ್ಟ.

ಮೂವರು ಗಿರಾಕಿಗಳೂ ಸಂಜೆ ಪಾರ್ಕಿನ ಬೆಂಚಿನಲ್ಲಿ ಭೇಟಿಯಾದರು.

"ನನ್ನ ಪಿಟೀಲಿಗೆ ಬನಿಯನ್ ಹಾಕಿ ಅಂತ ಕಳಿಸಿದ್ದಾನೆ!" ಎಂದರು ಮೇಷ್ಟ್ರು, ಅಳು ಬರುವವರಂತೆ. "ತೋಳಿಲ್ಲದ್ದು. ಕಂಕುಳಲ್ಲಿ ತೂತು ಬೇರೆ."

"ನನ್ನ ಒಂದು ಕಾಲು ಬಗ್ಗೋದೇ ಇಲ್ಲ" ಎಂದರು ಪೋಸ್ಟ್‌ಮಾಸ್ಟರು. "ಊರಲ್ಲಿ ಇನ್ಯಾರದ್ದಾದರೂ ಹೋಗಿದೆಯಾ? ಇಲ್ಲ. ನಮ್ಮ ಮೂರು ಮನೇದು ಮಾತ್ರ. ನಮ್ಮ ಮೂರು ಮನೆಗೆ ಸಮಾನವಾಗಿ ಇರೋದೇನು?"

"ಮರಿ!" ಎಂದಳು ನಾದಿನಿ.

"ಹಾಂ! ಕೊಟ್ಟ ಮೇಲೆ ಹೊಟ್ಟೆ ಉರೀತಿದೆ ಅವನಿಗೆ. ಬಾಯಿಬಿಟ್ಟು ವಾಪಸ್ ಕೇಳೋಕೆ ಮುಖ ಇಲ್ಲ. ಅದಕ್ಕೇ ನಮ್ಮ ಸಾಮಾನು ಒತ್ತೆ ಇಟ್ಕೊಂಡಿದ್ದಾನೆ!"

ಮಾರನೆಯ ದಿನ ಬೆಳಗ್ಗೆ ಮೂವರೂ ಅಂಗಡಿಗೆ ನುಗ್ಗಿದರು. ಮೂವರನ್ನೂ ಒಟ್ಟಿಗೆ ನೋಡಿದ್ದೇ ಗರಿಗರಿಯಪ್ಪನ ಮುಖ ಅರಳಿತು. ಮರಿಗಳನ್ನು ಹಿಂದಿರುಗಿಸಲು ಬಂದಿದ್ದಾರೆ ಎಂದೇ ಅವನು ತಿಳಿದ. ಹಿಂದಿರುಗಿಸಿದರೆ ಹೆಂಡತಿ ಮಾತಾಡುತ್ತಾಳೆ!

"ಒಂದನ್ನಿಟ್ಕೊಂಡು ನಾನೇನು ಮಾಡಲಯ್ಯ?" ಎಂದು ಪೋಸ್ಟ್‌ಮಾಸ್ಟರು ಗುಡುಗಿದರು.

"ಒಂದು ಬರಲಿ ಬಿಡು ಅಂತ ತಾವೇ ಅಂದ್ರಿ ಸಾರ್. ಎರಡಿದ್ದರೆ ಒಂದಕ್ಕೊಂದು ಕಚ್ಚಾಡ್ತವೆ."

"ಕಚ್ಚಾಡ್ತವಾ? ಮೂರು ವರ್ಷದಿಂದ ಎರಡೂ ಒಂದೇ ಬೂಟಿನ ಜೋಡಿಯಲ್ಲಿವೆ!"

"ಬೂಟಿನಲ್ಲಿ ಮಲಗಿಸ್ತೀರಾ ಸಾರ್?" ಎಂದು ಅವನು ಗಾಬರಿಯಾದ.

"ಹರಿದಿದ್ದರೂ ಪರವಾಗಿಲ್ಲ, ತಂದುಕೊಡು" ಎಂದರು ಮೇಷ್ಟ್ರು.

"ಹರಿದು ಹಾಕಿದ್ರಾ?" ಗರಿಗರಿಯಪ್ಪ ಮೇಜು ಹಿಡಿದುಕೊಂಡ. "ಯಾರು? ನಿಮ್ಮ ಮನೆ ಇಲಿಗಳಾ?"

"ಭಾವ, ಯಾವ ಲೋಕದಲ್ಲಿದ್ದೀರಿ?" ಎಂದು ನಾದಿನಿ ತಲೆ ಚಚ್ಚಿಕೊಂಡಳು. "ಬಟ್ಟೆ! ನಮ್ಮ ಬಟ್ಟೆ!"

ಪೋಸ್ಟ್‌ಮಾಸ್ಟರು ಸಾಕ್ಷಿಗೆಂದು ತಂದಿದ್ದ ಒಂಟಿ ಕರಿ ಕಾಲುಚೀಲವನ್ನು ಮೇಜಿನ ಮೇಲೆ ಇಟ್ಟರು. ಇಟ್ಟು, ಮುದ್ರೆ ಒತ್ತುವವರ ಹಾಗೆ ಅದರ ಮೇಲೆ ಒಂದು ಗುದ್ದಿದರು. "ನಿನ್ನೆಯೆಲ್ಲ ಇದರ ಮೇಲೆ ಮರಿ ಮಲಗಿತ್ತು, ಆದರೂ ಎತ್ತಿ ತಂದಿದ್ದೀನಿ. ಇದು ಸಾಕ್ಷಿ. ಇದರ ಜೋಡಿ ಎಲ್ಲಿ, ಹೇಳು!"

ಹೇಳುವ ಮೊದಲೇ ಅಮ್ಮಣ್ಣಿ ಮೇಜಿನ ಮೇಲೆ ನೆಗೆಯಿತು. ಸಾಕ್ಷಿಯನ್ನು ಒಮ್ಮೆ ಮೂಸಿತು. "ಮ್ರ್‌ರ್‌ರಂ" ಎಂದಿತು. ಮರಿಯನ್ನು ಕಚ್ಚಿ ಎತ್ತುವ ಹಾಗೆ, ಹಲ್ಲು ತಾಗದಂತೆ, ಕಾಲುಚೀಲವನ್ನು ನಡುವಿನಲ್ಲಿ ಬಾಯಿಗೆ ತೆಗೆದುಕೊಂಡಿತು. ಬಾಲ ನೇರ ಎತ್ತಿ, ಯಾರ ಹಂಗೂ ಇಲ್ಲದೆ ಒಳಗೆ ಹೊರಟಿತು.

"ನನ್ನ ಸಾಕ್ಷಿ!" ಎಂದು ಪೋಸ್ಟ್‌ಮಾಸ್ಟರು ಹಿಂದೆ ಓಡಿದರು. ಅವರ ಹಿಂದೆ ಮೇಷ್ಟ್ರು, ಅವರ ಹಿಂದೆ ನಾದಿನಿ, ಎಲ್ಲರ ಹಿಂದೆ ಗರಿಗರಿಯಪ್ಪ. ಮೆರವಣಿಗೆ ಇಸ್ತ್ರಿ ಕೋಣೆ ದಾಟಿತು, ನಡುಮನೆ ದಾಟಿತು, ಮೆಟ್ಟಿಲ ಕೆಳಗಿನ ಕತ್ತಲ ಗೂಡಿಗೆ ಬಂದು ನಿಂತಿತು. ಅಲ್ಲಿ ಗಂಜಿ ಡಬ್ಬಿಗಳ ಹಿಂದೆ ಮುಚ್ಚಳ ಕಳಚಿದ ಹಳೆಯ ಟ್ರಂಕು. ಅದರೊಳಗೆ ಪಿಟೀಲಿನ ಬಟ್ಟೆ ಗೂಡಿನ ಹಾಗೆ ಸುತ್ತಿಕೊಂಡಿತ್ತು. ನಡುವೆ ಒಂದು ಕರಿ ಕಾಲುಚೀಲ. ತಳದಿಂದ ದಿಂಬಿನ ಕವರಿನ ಒಂದು ಮೂಲೆ ಇಣುಕುತ್ತಿತ್ತು. ಅಮ್ಮಣ್ಣಿ ತಂದ ಕಾಲುಚೀಲವನ್ನು ಅದರ ಜೋಡಿಯ ಪಕ್ಕಕ್ಕೆ ಮಲಗಿಸಿತು, ತಾನೂ ಸುತ್ತಿ ಮಲಗಿತು, ಎರಡನ್ನೂ ಸರದಿಯಂತೆ ನೆಕ್ಕತೊಡಗಿತು.

ಮೂವರೂ ಟ್ರಂಕಿನ ಮೇಲೆ ಬಗ್ಗಿದರು.

"ಮರಿ ಮಲಗೋದು ಅದರ ಮೇಲೇನೇ" ಎಂದರು ಮೇಷ್ಟ್ರು, ಮೆಲ್ಲಗೆ. "ಪಿಟೀಲು ಹೊರಗಿಟ್ಟು ಬಟ್ಟೆ ತಾನು ಹೊದ್ದುಕೊಳ್ಳುತ್ತೆ. ತಾಯಿಬೆಕ್ಕು ಆ ವಾಸನೆ ಹಿಡಿದಿದೆ ನೋಡಿ."

"ಅಯ್ಯೋ, ನನ್ನ ದಿಂಬಿನ ಕವರ್ರು" ಎಂದಳು ನಾದಿನಿ. ಆಮೇಲೆ, "ಇರಲಿ ಬಿಡಿ" ಎಂದಳು.

ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. "ನೆಕ್ಕುತ್ತಾ ಇದೆಯಲ್ಲಯ್ಯ! ನನ್ನ ಸಾಕ್ಸು! ಒಗೆಯದೇ ಇರೋದು!" ಎಂದರು. ಅವರ ಸ್ವಂತದವರಲ್ಲಿ ಯಾರೂ ಅವರಿಗೆ ಅಷ್ಟು ಗೌರವ ತೋರಿಸಿರಲಿಲ್ಲ. "ನಾಳೆಯಿಂದ ಎರಡೆರಡು ಜೊತೆ ಕಳಿಸ್ತೀನಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೂರಿನ ಕಡೆ ನೋಡುತ್ತಿದ್ದಳು. ಗರಿಗರಿಯಪ್ಪ ಆಕೆಯ ಕಡೆ ನೋಡಿದ. ಆಕೆ ಒಳಗೆ ಹೋದಳು.

ಆಗ ಅವನ ತಲೆಯಲ್ಲಿ ಎರಡನೆಯ ದೀಪ ಹತ್ತಿತು. "ಭಾನುವಾರ ಹತ್ತು ಗಂಟೆಗೆ ಮೂವರೂ ಮರಿಗಳನ್ನ ಕರ್ಕೊಂಡು ಬನ್ನಿ" ಎಂದ. "ತಾಯಿ ಮಕ್ಕಳನ್ನ ಒಂದು ಮಾಡೋಣ. ಎಲ್ಲರ ಕಣ್ಣೆದುರಿಗೇ ಆಗಲಿ." ಎಲ್ಲರ ಕಣ್ಣು ಅಂದರೆ ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಜೊತೆ.

ಭಾನುವಾರಕ್ಕೆ ಅವನು ನಡುಮನೆಯಲ್ಲಿ ಬಿಳಿ ಹೊದಿಕೆ ಹಾಸಿದ. ಗಂಜಿ ಹಾಕಿದ್ದರಿಂದ ಅದು ಹಲಗೆಯಂತೆ ನಿಂತಿತು. ಗೋಡೆಗೆ ಒರಗಿ ಅಕ್ಕಪಕ್ಕದವರು ಸೇರಿದರು. ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ಬಂದ. ಕೊಡೆ ಅಂಗಡಿಯವಳು ಅಳು ಬಂದರೆ ಇರಲಿ ಎಂದು ಎರಡು ಕರವಸ್ತ್ರ ತಂದಳು. ಹೆಂಡತಿ ಬಾಗಿಲಲ್ಲಿ ನಿಂತಳು. ಬಿಳಿ ಮರಿಯನ್ನು ಕಂಡಾಗ ಆಕೆಯ ಕೈ ಸ್ವಲ್ಪ ಮುಂದೆ ಬಂದು, ಅಲ್ಲೇ ನಿಂತಿತು.

ಮೂರು ಮರಿಗಳನ್ನೂ ಹೊದಿಕೆಯ ಮೇಲೆ ಇಳಿಸಿದರು. ತಿಂದು ಕೊಬ್ಬಿದ್ದವು. ಅಮ್ಮಣ್ಣಿಯನ್ನು ಟ್ರಂಕಿನಿಂದ ಎಬ್ಬಿಸಿ ತಂದು ಎದುರಿಗೆ ಕೂರಿಸಿ, ಗರಿಗರಿಯಪ್ಪ ಎದೆಯ ಮೇಲೆ ಕೈ ಕಟ್ಟಿ ಹಿಂದೆ ಸರಿದ.

ಅಮ್ಮಣ್ಣಿ ಬೂದು ಮರಿಯನ್ನು ಮೂಸಿತು. ಪೋಸ್ಟ್‌ಮಾಸ್ಟರು ಹೊರಡುವ ಮೊದಲು ಅದಕ್ಕೆ ಸೋಪು ಹಚ್ಚಿ ಸ್ನಾನ ಮಾಡಿಸಿದ್ದರು. ಅಮ್ಮಣ್ಣಿ ಹಿಂದೆ ಸರಿದು, ಬೆನ್ನು ಬಿಲ್ಲು ಮಾಡಿ, "ಹಿಸ್ಸ್" ಎಂದಿತು. ಕಪ್ಪು ಮರಿ ಆಸೆಯಿಂದ ಹೊಟ್ಟೆಯ ಹತ್ತಿರ ಬಂದಿತು, ಫಟ್ ಎಂದು ಕಿವಿಯ ಮೇಲೆ ಒಂದು ಬಿತ್ತು. ಬಿಳಿಯದು ಏಟಿಗೆ ಕಾಯಲಿಲ್ಲ. ಒಂದು ಕ್ಷಣದಲ್ಲಿ ಬೂದು ಪೋಸ್ಟ್‌ಮಾಸ್ಟರ ತಲೆಯ ಮೇಲಿತ್ತು, ಕಪ್ಪು ಮೇಷ್ಟ್ರ ಕೋಟಿನೊಳಗಿತ್ತು, ಬಿಳಿ ನಾದಿನಿಯ ಕುತ್ತಿಗೆ ತಬ್ಬಿಕೊಂಡಿತ್ತು.

"ಇದು ನಿನ್ನ ಮಗ ಕಣೇ!" ಎಂದು ಗರಿಗರಿಯಪ್ಪ ಕಿರುಚಿದ.

"ನಮ್ಮವನದೇನು ತಪ್ಪು? ಮರ್ಯಾದೆಯಾಗೇ ಹತ್ತಿರ ಹೋದ" ಎಂದರು ಮೇಷ್ಟ್ರು, ಕೋಟು ಮುಚ್ಚಿಕೊಳ್ಳುತ್ತ.

"ಮೊದಲು ಕೈ ಎತ್ತಿದ್ದು ಯಾರು ಅಂತ ಇಲ್ಲಿ ಎಲ್ಲರೂ ನೋಡಿದ್ದಾರೆ" ಎಂದರು ಪೋಸ್ಟ್‌ಮಾಸ್ಟರು, ತಲೆಯ ಮೇಲಿದ್ದದ್ದು ಬೀಳದಂತೆ ಕತ್ತು ನೇರ ಹಿಡಿದು.

ಗಡಿಯಾರ ರಿಪೇರಿಯವನು ಭೂತಗನ್ನಡಿಯಲ್ಲೇ ಅಮ್ಮಣ್ಣಿಯನ್ನು ಪರೀಕ್ಷಿಸಿದ. "ಅದರ ಲೆಕ್ಕದಲ್ಲಿ ಕೆಲಸ ಮುಗೀತು ಕಣಪ್ಪ. ಹುಡುಕಿತು, ಕೂಗಿತು, ಸಾಕ್ಸು ನೆಕ್ಕಿತು, ಸಾಕಾಯ್ತು. ಈಗ ಬಂದಿರೋರು ನೆಂಟರು."

ಅಮ್ಮಣ್ಣಿ ಆಕಳಿಸಿತು. ಹೊದಿಕೆಯ ಮೇಲೆ ಗರಗರ ಸದ್ದು ಮಾಡುತ್ತ ನಡೆದು, ಅಡುಗೆಮನೆಯ ಕಿಟಕಿಗೆ ಹಾರಿ, ಬಿಸಿಲಿಗೆ ಹೊಟ್ಟೆ ಕೊಟ್ಟು ನಿದ್ದೆಹೋಯಿತು. ಕೊಡೆ ಅಂಗಡಿಯವಳು ಎರಡೂ ಕರವಸ್ತ್ರಗಳನ್ನು ಹಾಗೆಯೇ ಮಡಿಸಿಟ್ಟುಕೊಂಡಳು. ಜನ ಕರಗಿದರು. ಹೋಗುವಾಗ ಒಬ್ಬೊಬ್ಬರೂ ಗರಿಗರಿಯಪ್ಪನ ಬೆನ್ನು ತಟ್ಟಿ ಸಮಾಧಾನ ಹೇಳಿದರು, ಕಪಾಳಕ್ಕೆ ಬಿದ್ದದ್ದು ಅವನಿಗೇ ಎನ್ನುವ ಹಾಗೆ.

ಅಂದು ಮಧ್ಯಾಹ್ನವೂ, ಮಾರನೆಯ ದಿನವೂ ಅಮ್ಮಣ್ಣಿ ಟ್ರಂಕಿನ ಕಡೆ ತಿರುಗಿ ನೋಡಲಿಲ್ಲ. ಗಿರಾಕಿಗಳ ಬಟ್ಟೆಯನ್ನಾದರೂ ತಲುಪಿಸೋಣವೆಂದು ಗರಿಗರಿಯಪ್ಪ ಮೆಟ್ಟಿಲ ಕೆಳಗೆ ಕೂತು ಒಂದೊಂದನ್ನೇ ತೆಗೆದ. ಕಾಲುಚೀಲಗಳು ಎಂಜಲಾಗಿ ಗಟ್ಟಿಯಾಗಿದ್ದವು. ಪಿಟೀಲಿನ ಬಟ್ಟೆಯಲ್ಲಿ ಎಳೆದು ತಂದ ಉಗುರಿನ ಗೀರುಗಳು. ದಿಂಬಿನ ಕವರು ಕೈಗೆ ಬಂದಾಗ ಅವನು ಎದ್ದು ಬೆಳಕಿಗೆ ಹೋದ.

ಅದು ನಾಲ್ಕು ಮಡಿಕೆಯಾಗಿತ್ತು. ಮೂಲೆಗೆ ಮೂಲೆ ಕೂತಿತ್ತು. ಕೊನೆಯ ಮಡಿಕೆಯನ್ನು ಒಳಕ್ಕೆ ತಿರುಗಿಸಿ ಅಂಗೈಯಿಂದ ನೀವಲಾಗಿತ್ತು. ಬೆಕ್ಕು ಕದಿಯಬಲ್ಲದು, ಎಳೆಯಬಲ್ಲದು, ಬೆಕ್ಕಿಗೆ ಮಡಿಸಲು ಬರುವುದಿಲ್ಲ. ಕೊನೆಯ ಮಡಿಕೆ ಒಳಕ್ಕೆ ತಿರುಗಿಸುವ ಕೈ ಊರಿನಲ್ಲಿ ಒಂದೇ ಒಂದಿತ್ತು, ಅದು ಈಗ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿತ್ತು. ಮುಖ ನೆನಪಿಡಲಾರದ ಮನುಷ್ಯನಿಗೆ ಮಡಿಕೆ ನೋಡಿದರೆ ಸಾಕಿತ್ತು. ಅಮ್ಮಣ್ಣಿಯ ಕೂದಲು ಅದರ ಮೇಲೆ ಒಂದೂ ಇರಲಿಲ್ಲ. ಒಳಮಡಿಕೆಯಲ್ಲಿ ಚಿಕ್ಕ ಬಿಳಿ ಕೂದಲು ಮೂರು ಇದ್ದವು.

ಕೂದಲು ಕಂಡರೆ ಚಿಮಟ ಹಿಡಿಯುವ ಗರಿಗರಿಯಪ್ಪ ಅವನ್ನು ಮುಟ್ಟಲಿಲ್ಲ. ಕವರನ್ನು ಅದೇ ಮಡಿಕೆಯಲ್ಲಿ ಮಡಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, ಕಿಟಕಿಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ.

"ಅಮ್ಮಣ್ಣಿ, ನಿಮ್ಮ ಯಜಮಾನಿಗೆ ಒಂದು ಮಾತು ಹೇಳು. ದಿಂಬಿನ ಕವರು ಕೊಡೋಕೆ ನಾದಿನಿ ಮನೆಗೆ ಹೋಗ್ತಿದ್ದೀನಿ. ಒಗೆದಿಲ್ಲ. ಹೋದವನು ಸ್ವಲ್ಪ ಹೊತ್ತು ಅಲ್ಲೇ ಕೂತಿರ್ತೀನಿ. ಆ ಬಿಳೀದು ತೊಡೆ ಮೇಲೆ ಬಂದು ಮಲಗುತ್ತಂತೆ. ನನ್ನ ತೊಡೆ ಮೇಲೆ ಬರಲ್ಲ, ಗಂಜಿ ಚುಚ್ಚುತ್ತೆ. ಮೆತ್ತನೆ ಬಟ್ಟೆಯವರು ಯಾರಾದರೂ ಜೊತೆಗೆ ಬಂದರೆ ಒಳ್ಳೇದು ಅಂತ ಹೇಳು." ಕವರಿನ ಅಂಚು ನೀವಿದ. "ಅವಳು ಇಲ್ಲದಾಗ ಕಳಿಸಿದ್ದು ತಪ್ಪಾಯ್ತು ಅಂತಲೂ ಹೇಳು. ಮರಿಗಳು ಹೋಗುವಾಗ ಒಂದು ಸಲ ಎತ್ತಿಕೊಳ್ಳೋಕೂ ಆಗಲಿಲ್ಲ ಅವಳಿಗೆ."

ಅಮ್ಮಣ್ಣಿ ಒಂದು ಕಣ್ಣು ತೆರೆದು, ಇದು ತನಗೆ ಸಂಬಂಧಿಸಿದ್ದಲ್ಲವೆಂದು ತೀರ್ಮಾನಿಸಿ ಮುಚ್ಚಿತು.

ಹೆಂಡತಿ ಕೈ ಒರೆಸಿಕೊಂಡಳು. ಒರೆಸಿಕೊಂಡ ಮೇಲೂ ಒರೆಸಿಕೊಂಡಳು.

"ಅದನ್ಯಾಕೆ ಎಬ್ಬಿಸ್ತೀರಿ?" ಎಂದಳು, ನೇರವಾಗಿ ಅವನ ಮುಖ ನೋಡಿ. "ಹೆತ್ತದ್ದು ಅದು. ಅದೇ ಸುಮ್ಮನಾಗಿ ಮಲಗಿದೆ. ತಾಳಿ, ಚಪ್ಪಲಿ ಹಾಕ್ಕೊಂಡು ಬರ್ತೀನಿ."

ಬೀದಿಯವರು ಅವರಿಬ್ಬರೂ ಹೋಗುವುದನ್ನು ನೋಡಿದರು. ಕವರು ಆಕೆಯ ಕಂಕುಳಲ್ಲಿತ್ತು. ಆಕೆ ಹತ್ತು ಹೆಜ್ಜೆಗೊಮ್ಮೆ ನಿಂತು, ಬೆರಳು ಆಡಿಸುತ್ತ, ಉಕ್ಕಿದ ಹಾಲಿನಿಂದ ಹಿಡಿದು ಮುರಿದ ನಲ್ಲಿಯವರೆಗೆ ಒಂದೊಂದನ್ನೂ ಹೆಸರು ಹಿಡಿದು ಬೈಯುತ್ತಿದ್ದಳು. ಗರಿಗರಿಯಪ್ಪ ಪ್ರತಿಯೊಂದಕ್ಕೂ ತಲೆಯಾಡಿಸುತ್ತ, ಕಿವಿಯವರೆಗೆ ನಗುತ್ತ ನಡೆಯುತ್ತಿದ್ದ. ನಾದಿನಿಯ ಮನೆ ಮುಂದಿನ ಬೀದಿಯಲ್ಲೇ ಇತ್ತು. ಮುಟ್ಟಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು.